ಎರಡು ಪಾದ ಏರಲಿಲ್ಲ

ನಾನು ಒಂದು ಹಲಗೆ. ಸರಿಯಾಗಿ ಹೇಳುವುದಾದರೆ ಈಗ ಅರ್ಧ ಹಲಗೆ. ಇಡಿಯಾಗಿದ್ದಾಗ ಹತ್ತು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಎರಡು ಬೆರಳು ದಪ್ಪ ಇದ್ದೆ. ಮನುಷ್ಯರ ಮುಖ ನನಗೆ ಅಷ್ಟು ಪರಿಚಯವಿಲ್ಲ. ಬದುಕಿಡೀ ನಾನು ಕಂಡದ್ದು ಅವರ ಅಂಗಾಲು. ಅದಕ್ಕೆ ನನಗೆ ಬೇಸರವಿಲ್ಲ. ಮುಖ ಸುಳ್ಳು ಹೇಳುತ್ತದೆ, ಅಂಗಾಲಿಗೆ ಆ ವಿದ್ಯೆ ಬರುವುದಿಲ್ಲ. ಹೆದರಿದವನ ಪಾದ ಬೆರಳು ಮಡಚಿ ನನ್ನನ್ನು ಹಿಡಿದುಕೊಳ್ಳುತ್ತದೆ. ಜಂಬದವನ ಹಿಮ್ಮಡಿ ಸುಮ್ಮನೆ ಕುಟ್ಟುತ್ತದೆ.

ಹುಟ್ಟಿದ್ದು ಘಟ್ಟದ ಬುಡದ ಒಂದು ಹೆಬ್ಬಲಸಿನ ಮರದಲ್ಲಿ. ಮರ ಕಡಿದರು, ಇಬ್ಬರು ಗರಗಸ ಹಿಡಿದು ಎರಡು ದಿನ ಎಳೆದರು, ನಾನು ಬೇರೆಯಾದೆ. ಆಮೇಲೆ ಕಡಲ ಕರೆಯಲ್ಲಿ, ಎಂದರೆ ದಡದಲ್ಲಿ, ಒಬ್ಬ ಆಚಾರಿ ನನ್ನ ಎರಡೂ ಅಂಚಿಗೆ ಗೇಣಿಗೊಂದರಂತೆ ತೂತು ಕೊರೆದ. ಇಷ್ಟು ಒಳ್ಳೆಯ ಮರವನ್ನು ಜಾಲರಿ ಮಾಡುತ್ತಿದ್ದಾನಲ್ಲ ಎಂದು ಮೈಯೆಲ್ಲ ಉರಿದಿತ್ತು. ಅವನು ತೂತಿಗೆ ತೆಂಗಿನ ನಾರಿನ ಹುರಿ ಪೋಣಿಸಿ ಪಕ್ಕದ ಹಲಗೆಗೆ ನನ್ನನ್ನು ಹೊಲಿದ. ಒಂದು ಮೊಳೆಯಿಲ್ಲ. ಮೇಲೆ ಮೀನೆಣ್ಣೆ ಬಳಿದು ನೀರಿಗೆ ಇಳಿಸಿದಾಗ ಗೊತ್ತಾಯಿತು, ಅಲೆ ಬಡಿದರೆ ಹೊಲಿದ ದೋಣಿ ತುಸು ಬಾಗುತ್ತದೆ, ಮೊಳೆ ಹೊಡೆದದ್ದು ಬಿರಿಯುತ್ತದೆ. ಆಚಾರಿಯ ಮೇಲಿನ ಸಿಟ್ಟು ಅಂದಿಗೆ ಇಳಿಯಿತು.

ಅದು ರಂಪಣಿ ದೋಣಿ. ನಲವತ್ತು ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆಯನ್ನು ಹೊತ್ತು ಕಡಲಲ್ಲಿ ಸುತ್ತು ಹಾಕುವುದು ಅದರ ಕೆಲಸ. ನಡೆಸುತ್ತಿದ್ದವನು ತ್ಯಾಂಪ ಕುಂದರ್. ನಮ್ಮ ಕಡೆಯ ಮೊಗವೀರರಲ್ಲಿ ಮನೆ, ದೋಣಿ ಎಲ್ಲ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ. ಹಾಗಾಗಿ ದೋಣಿ ತ್ಯಾಂಪನ ತಂಗಿಯದು, ಹುಟ್ಟು ಹಾಕುವ ಕೈ ಮಾತ್ರ ಅವನದು. ಆ ತಂಗಿಗೆ ಇಬ್ಬರು ಮಕ್ಕಳು. ದೊಡ್ಡವಳು ಗುಲಾಬಿ, ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವನು ಸಾಧು.

ತ್ಯಾಂಪನದು ಒಂದು ಕಟ್ಟುನಿಟ್ಟು ಇತ್ತು. ಕಡಲಿಗೆ ಇಳಿಯುವ ಮರಕ್ಕೆ ಚಪ್ಪಲಿ ತಾಗಬಾರದು. ಎಲ್ಲರೂ ಮರಳಿನಲ್ಲಿ ಚಪ್ಪಲಿ ಸಾಲಾಗಿ ಬಿಟ್ಟು ಹತ್ತುತ್ತಿದ್ದರು. ಮರಳಿ ಬಂದಾಗ ತ್ಯಾಂಪ ಜನರ ತಲೆ ಎಣಿಸುತ್ತಿರಲಿಲ್ಲ, ಮರಳನ್ನು ನೋಡುತ್ತಿದ್ದ. ಚಪ್ಪಲಿ ಉಳಿಯದಿದ್ದರೆ ಎಲ್ಲರೂ ಬಂದಂತೆ. ಒಮ್ಮೆ ಒಂದು ಜೊತೆ ಮೂರು ದಿನ ಮರಳಿನಲ್ಲೇ ಇತ್ತು. ನಾಲ್ಕನೆಯ ದಿನ ತ್ಯಾಂಪ ಅದನ್ನು ಎತ್ತಿಕೊಂಡು ಹೋಗಿ ಆ ಮನೆಯ ಜಗಲಿಯಲ್ಲಿಟ್ಟು ಬಂದ. ಸಾಧು ಆಗ ತೊಡೆಯೆತ್ತರ ಇದ್ದ. ಮಾವನ ಹಿಂದೆಯೇ ಹೋಗಿದ್ದ, ಅವನ ಹಿಂದೆಯೇ ಬಂದ. ಆ ಲೆಕ್ಕ ಅವನ ತಲೆಯಲ್ಲಿ ಅಂದೇ ಕೂತಿತು.

ಯಂತ್ರದ ಬೋಟುಗಳು ಬಂದವು, ರಂಪಣಿ ನಿಂತಿತು. ದೋಣಿಯ ಹೊಲಿಗೆ ಬಿಚ್ಚಿ ನಮ್ಮನ್ನು ಬೇರೆ ಬೇರೆ ಮಾಡಿದರು. ನಾನು ಒಣಮೀನಿನ ವ್ಯಾಪಾರಿ ಇದಿನಬ್ಬ ಬ್ಯಾರಿಯ ಕೊಟ್ಟಿಗೆ ಸೇರಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಮೇಲೆ ಮೀನು ಸೀಳಿದರು, ಉಪ್ಪು ತಿಕ್ಕಿದರು, ನೊಣ ಓಡಿಸಿದರು. ಆ ದಿನಗಳ ಬಗ್ಗೆ ಹೇಳಲು ಒಂದೇ ಒಳ್ಳೆಯ ಮಾತಿದೆ. ಗುಲಾಬಿ ಅಲ್ಲಿಗೆ ಬರುತ್ತಿದ್ದಳು. ಬುಟ್ಟಿ ತುಂಬಿಸಿಕೊಂಡು ತಲೆಯ ಮೇಲಿಟ್ಟು ಏಳೆಂಟು ಊರು ಸುತ್ತಿ ಮಾರುತ್ತಿದ್ದಳು. ಬುಟ್ಟಿ ತಲೆಗೇರಿಸುವಾಗ ನನ್ನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಅವಳ ಪಾದ ಅಗಲ, ಬೆರಳುಗಳು ಬಿಡಿಬಿಡಿ, ಬಲ ಹಿಮ್ಮಡಿಯಲ್ಲಿ ಒಂದು ಆಳವಾದ ಬಿರುಕು. ಚಪ್ಪಲಿ ಹಾಕಿದವಳೇ ಅಲ್ಲ. ಇದಿನಬ್ಬ ಒಮ್ಮೆ ಕೇಳಿದ್ದಕ್ಕೆ ಕಾಲಿಗೆ ನೆಲ ಕಾಣಬೇಕು ಎಂದಿದ್ದಳು.

ಇದಿನಬ್ಬನಿಗೆ ವಯಸ್ಸಾಗಿ ಕೊಟ್ಟಿಗೆ ಮುಚ್ಚುವಾಗ ಅವಳು ಬಂದು ನನ್ನ ಅಂಚಿನ ತೂತಿಗೆ ಬೆರಳು ಹಾಕಿ ನೋಡಿದಳು. ಇದು ನಮ್ಮ ದೋಣಿಯದ್ದು ಎಂದಳು. ಮುದುಕ ನಕ್ಕ.

"ಕೊಂಡೋಗು ಗುಲಾಬಿ. ಉಪ್ಪು ಕುಡಿದು ಕುಡಿದು ಕಲ್ಲಾಗಿದೆ. ಥೇಟ್ ನಿನ್ನ ಹಾಗೆ."

ಅಷ್ಟರಲ್ಲಿ ಸಾಧು ಮೀನುಗಾರಿಕೆ ಬಿಟ್ಟು ಬೇರೊಂದು ದಾರಿ ಹಿಡಿದಿದ್ದ. ಮಲ್ಪೆಯ ಎದುರಿನ ದ್ವೀಪಗಳ ಸಾಲಿನಲ್ಲಿ ಒಂದು ಸಣ್ಣದಿದೆ. ನಮ್ಮವರ ಬಾಯಲ್ಲಿ ಅದು ಬರೀ ಪಾದೆ, ಎಂದರೆ ಬಂಡೆ. ಭೂಮಿಯ ಹೊಟ್ಟೆಯಿಂದ ಉಕ್ಕಿ ಬಂದ ಬೆಂಕಿರಸ ತಣಿದು, ಐದು ಮೂಲೆ ಆರು ಮೂಲೆಯ ಕಂಬಗಳಾಗಿ ಒಡೆದು ನಿಂತ ಕಪ್ಪು ಕಲ್ಲು. ಕೆಲವು ಕಡೆ ಆಳೆತ್ತರ, ಕೆಲವು ಕಡೆ ಕಡಿದಿಟ್ಟ ಸೌದೆಯಂತೆ ಅಡ್ಡ. ಜಾತ್ರೆಯಂಥ ಜನ ಬೇಡ ಎನ್ನುವ ಒಂದೊಂದೇ ಕುಟುಂಬವನ್ನು ಸಾಧು ತಾಯಿಯ ಹೆಸರಿನಲ್ಲಿದ್ದ ಬೋಟಿನಲ್ಲಿ ಬೆಳಗ್ಗೆ ಅಲ್ಲಿಗೆ ಕರೆದೊಯ್ದು, ದಿನವಿಡೀ ತೋರಿಸಿ, ಸಂಜೆಯೊಳಗೆ ವಾಪಸು ತರುತ್ತಿದ್ದ. ಬೋಟಿನಿಂದ ಮರಳಿಗೆ ಇಳಿಯಲು ಮೆಟ್ಟಿಲು ಬೇಕಿತ್ತು. ನನ್ನ ಮೈಮೇಲೆ ಅಡ್ಡ ಪಟ್ಟಿ ಹೊಡೆದು ನನ್ನನ್ನೇ ಇಟ್ಟ. ಅಡ್ಡ ಪಟ್ಟಿಗೆ ಮೊಳೆ. ಹೊಲಿದ ಮರಕ್ಕೆ ಮೊಳೆ ಹೊಡೆಯಬಾರದು ಎನ್ನುವಷ್ಟು ಬುದ್ಧಿ ಅವನಿಗೆ ಇರಲಿಲ್ಲ.

ಕರೆದೊಯ್ಯುವವನು ಸಾಧು, ಆದರೆ ತೋರಿಸುವವಳು ಗುಲಾಬಿ. ಚಿಕ್ಕಂದಿನಿಂದ ಆ ಬಂಡೆಗೆ ಕಪ್ಪೆಚಿಪ್ಪು ಕೀಳಲು ಹೋದವಳು. ಯಾವ ಸಂದಿಯಲ್ಲಿ ಏಡಿ ಇದೆ, ಯಾವ ಕಂಬದ ತಲೆಯಲ್ಲಿ ಕಡಲಹದ್ದು ಮೀನು ತಂದು ಹರಿಯುತ್ತದೆ, ಎಲ್ಲಿ ಕಾಲಿಟ್ಟರೆ ಜಾರುತ್ತದೆ, ಎಲ್ಲ ಅವಳಿಗೆ ಗೊತ್ತು. ಇಡೀ ಪಾದೆ ಕಡಲಮ್ಮನ ಒಲೆಯಂತೆ, ಅಡುಗೆ ಮುಗಿದ ಮೇಲೆ ಉಳಿದ ಕೊಳ್ಳಿಗಳೇ ಈ ಕಂಬಗಳಂತೆ, ಇದು ಅವಳ ಅಮ್ಮ ಹೇಳಿದ ಕಥೆ. ಊಟವೂ ಅವಳದೇ.

ತ್ಯಾಂಪನ ಕಟ್ಟಳೆಯನ್ನು ಸಾಧು ಬಿಟ್ಟಿರಲಿಲ್ಲ. ಬೋಟು ಹತ್ತುವ ಮೊದಲು ಎಲ್ಲರ ಚಪ್ಪಲಿ, ಬೂಟು ಒಂದು ಬೆತ್ತದ ಬುಟ್ಟಿಗೆ. ಬಂಡೆಯಲ್ಲಿ ಇಳಿದ ಮೇಲೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಚಿಪ್ಪು ಕಾಲು ಸೀಳುತ್ತದೆ. ಹೊರಡುವಾಗ ಪುನಃ ಬುಟ್ಟಿಗೆ. ಅತಿಥಿಗಳೆಲ್ಲ ಹತ್ತಿದ ಮೇಲೆ ಗುಲಾಬಿ ಬಂಡೆಯ ಪಡುವಣ ಬದಿಗೆ ಒಂದು ಸುತ್ತು ಹೋಗಿ ಅವರು ಬಿಟ್ಟ ಬಾಟಲಿ, ಪೊಟ್ಟಣ ಹೆಕ್ಕಿ ಚೀಲಕ್ಕೆ ತುಂಬುತ್ತಿದ್ದಳು. ಮರಳಿ ಬಂದು ಬುಟ್ಟಿಯನ್ನು ತಲೆಗಿಟ್ಟು, ಬೋಟಿನ ಹಿಂಬದಿಗೆ ತಾಗಿಸಿದ್ದ ನನ್ನ ಮೇಲೆ ಕೊನೆಗೆ ಹತ್ತಿ, ಬುಟ್ಟಿಯನ್ನು ಸಾಧುವಿನ ಕಾಲ ಬಳಿ ಇಟ್ಟು, ಮುಂಭಾಗದ ತುದಿಗೆ ಹೋಗಿ ಕೂರುತ್ತಿದ್ದಳು. ಸಾಧು ಹಿಂದೆ ಎಂಜಿನಿನ ಮೇಲೆ ಬಗ್ಗಿರುತ್ತಿದ್ದ. ನಡುವೆ ಟಾರ್ಪಾಲಿನ ಮಾಡು, ಅದರಡಿ ಅತಿಥಿಗಳು. ಅವನಿಗೆ ಅವಳು ಕಾಣುತ್ತಿರಲಿಲ್ಲ. ಬುಟ್ಟಿ ಕಂಡರೆ ಅಕ್ಕ ಬಂದಳೆಂದು ಅರ್ಥ. ಬುಟ್ಟಿಯಲ್ಲಿ ಜೊತೆಗಳು ಸರಿ ಇದ್ದರೆ ಎಲ್ಲರೂ ಬಂದರೆಂದು ಅರ್ಥ. ಹನ್ನೊಂದು ವರ್ಷ ಈ ಲೆಕ್ಕ ತಪ್ಪಲಿಲ್ಲ. ತಪ್ಪದೆ ಇದ್ದದ್ದೇ ಕೆಟ್ಟದ್ದಾಯಿತು. ಆ ಬುಟ್ಟಿಯಲ್ಲಿ ಇಲ್ಲದ್ದು ಒಂದೇ ಒಂದು ಜೋಡಿ, ಬುಟ್ಟಿ ಹೊರುವವಳದು. ಅದು ಯಾರ ತಲೆಗೂ ಹೊಳೆಯಲಿಲ್ಲ.

ಆ ದಿನ ಬಂದವರು ದಾವಣಗೆರೆಯ ನಿವೃತ್ತ ಮೇಷ್ಟ್ರು ಕೊಟ್ರೇಶಪ್ಪ, ಅವರ ಹೆಂಡತಿ ನೀಲಮ್ಮ, ಮಕ್ಕಳು ಅಳಿಯಂದಿರು ಸೇರಿ ಎಂಟು ಜನ. ಬೆಳಗ್ಗೆ ಅವರು ಬರುವ ಮೊದಲೇ ಗುಲಾಬಿ ದಡದಲ್ಲಿ ನಿಂತು ದಕ್ಷಿಣದ ಕಡೆ ನೋಡುತ್ತಿದ್ದಳು.

"ನೀರು ಕಂಡೆಯಾ ಸಾಧು? ಕಪ್ಪಾಗಿ ಉಬ್ಬಿ ಬರ್ತಾ ಉಂಟು. ಇವತ್ತು ಬೇಡ."

"ನಿನಗೆ ಯಾವತ್ತು ಬೇಕು ಅಂತ ಕಂಡದ್ದು? ಅಷ್ಟು ದೂರದಿಂದ ಬಂದವರಿಗೆ ನಾನು ಎಂತ ಹೇಳುದು? ಹೆದರಿಕೆ ಆದ್ರೆ ಮನೆಯಲ್ಲಿ ಕೂತ್ಕೊ."

"ಬೋಟು ಅಮ್ಮನದ್ದು. ಕೂತ್ಕೊಳ್ಳುದಾದ್ರೆ ನಾನು ಬೋಟಲ್ಲೇ ಕೂತ್ಕೊಳ್ಳುದು."

ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಈ ಮನೆಯವರ ಸಿಟ್ಟು ನನಗೆ ಗೊತ್ತು. ತ್ಯಾಂಪನೂ ಹಾಗೇ, ಬಾಯಿ ಮುಚ್ಚಿದರೆ ಸೂರ್ಯ ಮುಳುಗುವವರೆಗೆ ತೆರೆಯುತ್ತಿರಲಿಲ್ಲ. ಸಾಧು ನನ್ನನ್ನು ಎಂದಿಗಿಂತ ಜೋರಾಗಿ ಬೋಟಿಗೆ ಎಸೆದ. ಸಿಟ್ಟು ಅಕ್ಕನ ಮೇಲೆ, ಪೆಟ್ಟು ನನಗೆ.

ಪಾದೆಯಲ್ಲಿ ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಮೇಷ್ಟ್ರು ಮಕ್ಕಳಿಗೆ ಪಾಠ ಹೇಳಿದಂತೆ ಅಳಿಯಂದಿರಿಗೆ ಬೆಂಕಿರಸದ ಕಥೆ ಹೇಳಿದರು. ಗುಲಾಬಿ ಒಲೆಯ ಕಥೆ ಹೇಳಿದಳು. ಅವರು ಅದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡು, ನಾನು ಮೂವತ್ತು ವರ್ಷ ಪುಸ್ತಕ ಓದಿ ಹೇಳಿದ್ದನ್ನೇ ನಿಮ್ಮ ತಾಯಿ ಒಲೆ ಮುಂದೆ ಕೂತು ಹೇಳಿಬಿಟ್ಟರಲ್ಲ ಎಂದರು. ಅವರದು ಮೀನು ಮುಟ್ಟದ ಮನೆ. ಗಂಜಿ, ಹುರುಳಿ ಚಟ್ನಿ, ಹಲಸಿನ ಹಪ್ಪಳ ಬಡಿಸುತ್ತ ಗುಲಾಬಿ, ಇಷ್ಟು ದೊಡ್ಡ ಕಡಲಿನ ನಡುವೆ ಕೂತು ಹುರುಳಿ ತಿನ್ನುವವರನ್ನು ಇವತ್ತೇ ಕಂಡದ್ದು ಎಂದಳು. ನೀಲಮ್ಮ ನಕ್ಕು ನಕ್ಕು ಕೆಮ್ಮಿದರು.

ಎರಡು ಗಂಟೆಯ ಹೊತ್ತಿಗೆ ನನ್ನ ಕೆಳಗಿನ ಮರಳು ಸರಿಯತೊಡಗಿತು. ಅಲೆಗಳ ನಡುವಿನ ಬಿಡುವು ಕಡಿಮೆಯಾಗಿತ್ತು. ಗುಲಾಬಿಯೂ ಕಂಡಿದ್ದಳು. ಆದರೆ ತಮ್ಮನಿಗೆ ನೇರ ಹೇಳಿದರೆ ಸೋತಂತೆ ಆಗುತ್ತದಲ್ಲ. ಮೇಷ್ಟ್ರ ಕಡೆ ತಿರುಗಿದಳು.

"ಸರ್, ನಿಮ್ಮ ಬೋಟಿನವರಿಗೆ ಸ್ವಲ್ಪ ಹೇಳಿ, ಗಾಳಿ ತಿರುಗಿತು ಅಂತ."

ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ಸಾಧುವೂ ಮೇಷ್ಟ್ರಿಗೇ ಉತ್ತರ ಕೊಟ್ಟ. "ಬೋಟಿನವನಿಗೂ ಮೂಗು ಉಂಟು ಅಂತ ಹೇಳಿ ಸರ್."

ಅಳಿಯಂದಿರು ನಕ್ಕರು. ನನಗೆ ನಗು ಬರಲಿಲ್ಲ. ಹಾಗೆ ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡು ಅವನು ಇನ್ನೂ ಮುಕ್ಕಾಲು ಗಂಟೆ ತಡ ಮಾಡಿದ. ಅಕ್ಕ ಹೇಳಿದ ಕೂಡಲೇ ಹೊರಟರೆ ಅವಳ ಮಾತು ನಡೆದಂತೆ ಆಗುತ್ತದೆ ಎಂಬ ಹಟ.

ಆಮೇಲೆ ಗಾಳಿ ಒಮ್ಮೆಗೇ ಬಂತು. ಪಶ್ಚಿಮದಲ್ಲಿ ಬಾನು ಮಸಿಯಾಯಿತು, ಮಳೆಹನಿ ಕಲ್ಲಿನಂತೆ ಬಿತ್ತು. ಅತಿಥಿಗಳು ಓಡಿ ಬಂದರು. ಗುಲಾಬಿ ಎಂದಿನಂತೆ ಚೀಲ ಹಿಡಿದು ಪಡುವಣ ಬದಿಗೆ ಹೋಗಿದ್ದಳು. ಅಂಥ ಗಾಳಿಯಲ್ಲಿ ಅವಳು ಯಾಕೆ ಹೋಗಬೇಕಿತ್ತು ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ. ಗಾಳಿ ಬಂದರೆ ಪ್ಲಾಸ್ಟಿಕ್ ಎಲ್ಲ ಕಡಲಿಗೆ ಹಾರುತ್ತದೆ, ಅದಕ್ಕೇ ಬೇಗ ಹೋದೆ ಎಂದು ಆಮೇಲೆ ಹೇಳಿದಳಂತೆ.

ಬೂಟು ಚಪ್ಪಲಿಗಳು ಬುಟ್ಟಿಗೆ ಬಿದ್ದವು. ಮಳೆಯಲ್ಲಿ ಅದು ಮರಳಿನ ಮೇಲೆ ನೆನೆಯುತ್ತಿರುವುದನ್ನು ಮೇಷ್ಟ್ರು ಕಂಡರು. ಒಳ್ಳೆಯ ಮನುಷ್ಯ. ಪಾಪ ಆ ಅಮ್ಮನಿಗೆ ಯಾಕೆ ಭಾರ ಎಂದುಕೊಂಡು ತಾವೇ ಎತ್ತಿಕೊಂಡು ನನ್ನ ಮೇಲೆ ಹತ್ತಿದರು. ಎಂಜಿನಿನ ಮೇಲೆ ಬಗ್ಗಿದ್ದ ಸಾಧುವಿನ ಕಾಲ ಬಳಿ ಇಟ್ಟು, ಅವನು ತಲೆ ಎತ್ತುವ ಮೊದಲೇ ಮಾಡಿನೊಳಗೆ ನುಸುಳಿದರು.

ಹದಿನಾರು ಪಾದ ನನ್ನ ಮೇಲೆ ಏರಿದವು. ಮೇಷ್ಟ್ರದು ಕೊನೆಯದು. ಮೆತ್ತಗಿನ, ನಡುಗುವ, ಬೆರಳು ಮಡಚಿದ ಪಾದ. ಅಗಲವಾದ ಆ ಎರಡು ಏರಲಿಲ್ಲ. ಬಿರುಕಿನ ಹಿಮ್ಮಡಿ ಏರಲಿಲ್ಲ. ನನಗೆ ಗೊತ್ತಿತ್ತು.

ಸಾಧು ಬುಟ್ಟಿ ನೋಡಿದ. ಎಂಟು ಜೊತೆ. ಬುಟ್ಟಿ ಬಂದಿದೆ ಎಂದರೆ ಅಕ್ಕ ಬಂದಿದ್ದಾಳೆ, ಮುಂದೆ ಕೂತು ಮುಖ ಊದಿಸಿಕೊಂಡಿದ್ದಾಳೆ. ಒಂದು ಸಲ "ಅಕ್ಕಾ, ಬಂದೆಯಾ" ಎಂದು ಕೂಗಿದ್ದರೆ ಸಾಕಿತ್ತು. ಬೇರೆ ದಿನವಾಗಿದ್ದರೆ ಕೂಗುತ್ತಿದ್ದ. ಅವತ್ತು ಮಾತು ಬಿಟ್ಟಿದ್ದನಲ್ಲ.

ನನ್ನನ್ನು ಎಳೆದ. ನಾನು ತುದಿಯನ್ನು ಮರಳಿನಲ್ಲಿ ಕಚ್ಚಿ ನಿಂತೆ. ನನ್ನಿಂದ ಆದದ್ದು ಅಷ್ಟೇ. ದರಿದ್ರದ ಹಲಗೆ ಎಂದು ಬೈದು, ಕಾಲು ಕೊಟ್ಟು ಕಿತ್ತು ಒಳಗೆ ಹಾಕಿದ. ಎಂಜಿನು ಗುಡುಗಿತು. ದಾರಿಯುದ್ದಕ್ಕೂ ಬೋಟು ಎದ್ದು ಬಿದ್ದು ಹೋಯಿತು. ಮಾಡಿನೊಳಗೆ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ದೇವರನ್ನು ಕರೆಯುತ್ತಿದ್ದರು. ಮುಂದೆ ಯಾರಿದ್ದಾರೆ ಎಂದು ಟಾರ್ಪಾಲು ಸರಿಸಿ ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ದಡದಲ್ಲಿ ಎಲ್ಲರೂ ಇಳಿದು ಅವರವರ ಜೊತೆ ಹುಡುಕಿ ಹಾಕಿಕೊಂಡರು. ಸಾಧು ಖಾಲಿ ಬುಟ್ಟಿಯನ್ನು ಮಗುಚಿ ತಟ್ಟಿದ, ಎಂದಿನ ಅಭ್ಯಾಸ. ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಸುತ್ತ ನೋಡಿದರು.

"ಅಮ್ಮೋರು ಎಲ್ರೀ ಅಣ್ಣೋರೆ? ಒಂದ್ ಮಾತು ಹೇಳಿ ಹೋಗಾಣ ಅಂದ್ರೆ ಕಾಣ್ತಾನೇ ಇಲ್ವಲ್ಲ."

ಸಾಧು ಮುಂದಿನ ತುದಿಯ ಕಡೆ ನೋಡಿದ. ಅಲ್ಲಿ ಹಗ್ಗದ ಸುರುಳಿ ಇತ್ತು, ನೀರು ಇತ್ತು. ಅವನು ನನ್ನ ಮೇಲೆ ನಿಂತಿದ್ದ. ಅವನ ಹತ್ತು ಬೆರಳೂ ಒಟ್ಟಿಗೆ ಮಡಚಿದ್ದು ನನಗೆ ತಿಳಿಯಿತು. ಐವತ್ತು ದಾಟಿದ ಗಂಡಸಿನ ಪಾದ ಮಗುವಿನ ಪಾದದಂತೆ ಸಣ್ಣದಾಯಿತು. ಮೇಷ್ಟ್ರು ಕೈಯಲ್ಲಿದ್ದ ಬೂಟು ಹಾಗೇ ಹಿಡಿದು, ಬುಟ್ಟಿ ನಾನು ತಂದದ್ದು, ನಾನು ತಂದದ್ದು ಎಂದು ಎರಡು ಸಲ ಹೇಳಿದರು.

ಅಷ್ಟರಲ್ಲಿ ದಡದಲ್ಲಿ ಕೆಂಪು ಬಾವುಟ ಏರಿತ್ತು. ಯಾವ ಬೋಟೂ ಇಳಿಯುವ ಹಾಗಿಲ್ಲ. ಕಾವಲಿನವರು ತಡೆದರು, ದೊಡ್ಡ ಬೋಟಿಗೆ ಹೇಳಿ ಕಳಿಸುತ್ತೇವೆ, ಕಾಯಿರಿ ಎಂದರು. ಸಾಧು ಕೇಳಲಿಲ್ಲ. ಪಕ್ಕದ ಮನೆಯ ವಾಮನ ಪುತ್ರನ್ ಒಬ್ಬ ಮಾತ್ರ, ಏನೂ ಕೇಳದೆ, ಲುಂಗಿ ಮೇಲೆ ಕಟ್ಟಿ ಬೋಟಿಗೆ ಹಾರಿದ. ಅವನು ಚಪ್ಪಲಿ ಬಿಚ್ಚಿರಲಿಲ್ಲ. ಅಂದು ಅದನ್ನು ಯಾರೂ ಎತ್ತಿ ಆಡಲಿಲ್ಲ.

ನಾವು ತಲುಪಿದಾಗ ಹೊತ್ತು ಮುಳುಗಲು ಸ್ವಲ್ಪವೇ ಬಾಕಿ. ಬೆಳಗ್ಗೆ ನಾನು ಮಲಗಿದ್ದ ಮರಳೇ ಇರಲಿಲ್ಲ, ನೀರು ಅದರ ಮೇಲೆ ಕುದಿಯುತ್ತಿತ್ತು. ಗುಲಾಬಿ ಮೂಡಣ ಬದಿಯಲ್ಲಿ ಒಂದು ಎತ್ತರದ ಕಂಬದ ತಲೆಯ ಮೇಲೆ ನಿಂತಿದ್ದಳು. ಸೀರೆ ಮೈಗೆ ಅಂಟಿತ್ತು. ಒಂದು ಕೈಯಲ್ಲಿ ಕಸದ ಚೀಲ. ಕೂಗುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ. ಬಸ್ಸಿಗೆ ಕಾಯುವವಳಂತೆ ನಿಂತಿದ್ದಳು.

ಬೋಟನ್ನು ಕಲ್ಲಿಗೆ ತಾಗಿಸಿದರೆ ಪುಡಿಯಾಗುತ್ತದೆ. ನಾಲ್ಕೈದು ಅಡಿ ದೂರ ಹಿಡಿದು ನಿಲ್ಲಿಸಬೇಕು, ನಡುವೆ ನಾನು. ಸಾಧು ಎಂಜಿನು ಬಿಟ್ಟು ಅಲ್ಲಾಡುವಂತಿಲ್ಲ. ವಾಮನ ನನ್ನ ಒಂದು ತುದಿ ಎದೆಗೆ ಒತ್ತಿ ಹಿಡಿದು ಇನ್ನೊಂದನ್ನು ಕಂಬದ ತಲೆಗೆ ಚಾಚಿದ. ಮೂರು ಸಲ ಜಾರಿದೆ. ಉಪ್ಪು ತಿಂದು ಗಟ್ಟಿಯಾದವನು ಎಂಬ ಜಂಬ ನನಗಿತ್ತು, ಅವತ್ತು ಅದು ಹೋಯಿತು. ನಾಲ್ಕನೆಯ ಸಲ ಕಲ್ಲಿನ ಒಂದು ಸಂದಿಗೆ ತುದಿ ಸಿಕ್ಕಿತು.

ಅವಳು ಚೀಲವನ್ನು ಮೊದಲು ಬೋಟಿಗೆ ಎಸೆದಳು. ಆಮೇಲೆ ಕಾಲಿಟ್ಟಳು.

ಬಲ ಪಾದ. ಬಿರುಕಿನ ಹಿಮ್ಮಡಿ. ತಣ್ಣಗೆ, ಕಲ್ಲಿನಷ್ಟು ತಣ್ಣಗೆ. ಆಮೇಲೆ ಎಡ. ಮೂರನೆಯ ಹೆಜ್ಜೆ ಇಡುವಾಗ ಅಲೆ ಬೋಟನ್ನು ಎತ್ತಿತು. ನನ್ನ ಬೆನ್ನಿನಲ್ಲಿ ಲಟಕ್ಕೆಂದಿತು. ಆಚಾರಿಯ ತೂತುಗಳಿಂದಲ್ಲ, ಸಾಧು ಹೊಡೆದ ಮೊಳೆಯ ಜಾಗದಲ್ಲಿ. ನನ್ನ ಅರ್ಧ ನೀರಿಗೆ ಹೋಯಿತು. ವಾಮನ ಅವಳ ರಟ್ಟೆ ಹಿಡಿದು ಜಗ್ಗಿದ. ಅವಳು ಒಳಗೆ ಬಂದಳು. ಎಡಗಾಲು ಮಾತ್ರ ಕಲ್ಲಿಗೂ ಬೋಟಿಗೂ ನಡುವೆ ಸಿಕ್ಕಿ ಆಮೇಲೆ ಬಂತು. ಆ ಸದ್ದನ್ನು ನಾನು ವರ್ಣಿಸುವುದಿಲ್ಲ.

ಸಾಧು ಹಿಂದಿನಿಂದ, ಗಾಳಿಗೂ ಮಿಗಿಲಾಗಿ, ಒಂದೇ ಮಾತು ಕೂಗಿದ. ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದದ್ದು.

"ಅಕ್ಕಾ."

ಅವಳು ನನ್ನ ಪಕ್ಕದಲ್ಲಿ ಬಿದ್ದಿದ್ದಳು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು.

"ಬುಟ್ಟಿಯ ಲೆಕ್ಕ ಸರಿ ಇತ್ತಲ್ಲ ಸಾಧು?"

ಸಾಧು ಬೋಟನ್ನು ದಡದ ಕಡೆ ತಿರುಗಿಸಿದ.

ಕಾಲು ಉಳಿಯಿತು, ಆದರೆ ಕಾಲಾಗಿ ಅಲ್ಲ. ಪಾದ ಮಡಚುವುದಿಲ್ಲ. ಆಸ್ಪತ್ರೆಯವರು ಎಡಗಾಲಿಗೆ ಒಂದು ಭಾರದ ಬೂಟು ಮಾಡಿಸಿ ಕೊಟ್ಟಿದ್ದಾರೆ, ಒಳಗೆ ಕಬ್ಬಿಣದ ಪಟ್ಟಿ. ಅರವತ್ತು ವರ್ಷ ನೆಲ ಕಂಡ ಕಾಲು ಈಗ ಡಬ್ಬಿಯೊಳಗೆ. ಬಲಗಾಲಿಗೆ ಅವಳು ಇಂದಿಗೂ ಏನೂ ಹಾಕುವುದಿಲ್ಲ. ಸಾಧು ಚಪ್ಪಲಿ ತಂದದ್ದಕ್ಕೆ ಅದನ್ನು ಬೇಲಿಯಾಚೆ ಎಸೆದಳು. ನಾಯಿ ಒಂದು ವಾರ ಕಚ್ಚಿಕೊಂಡು ತಿರುಗಿತು. ಮೇಷ್ಟ್ರು ತಿಂಗಳಿಗೊಂದು ಕಾಗದ ಬರೆಯುತ್ತಾರೆ. ಅವರ ತಪ್ಪೇನೂ ಇಲ್ಲ ಎಂದು ಗುಲಾಬಿ ಬರೆಸಿದರೂ ಕೇಳುವುದಿಲ್ಲ.

ಅವಳು ಮತ್ತೆ ಪಾದೆಗೆ ಹೋಗಲಿಲ್ಲ, ಹೋಗುವುದೂ ಇಲ್ಲ. ಆರು ತಿಂಗಳು ಬೋಟು ಮರಳಿನ ಮೇಲೆ ಕವುಚಿ ಬಿದ್ದಿತ್ತು. ಆಮೇಲೆ ಅವಳೇ, ಬೋಟು ಅಮ್ಮನದ್ದು, ಕೊಳೆಯಿಸಬೇಡ ಎಂದು ಅವನನ್ನು ದಬ್ಬಿದಳು. ಈಗ ಅವನು ಪುನಃ ಅತಿಥಿಗಳನ್ನು ಕರೆದೊಯ್ಯುತ್ತಾನೆ. ಮೆಟ್ಟಿಲು ಕಬ್ಬಿಣದ್ದು. ಬುಟ್ಟಿ ಇಲ್ಲ, ಹೆಸರು ಕೂಗಿ ಹತ್ತಿಸುತ್ತಾನೆ. ವಾಮನ ಒಂದು ದಿನ ಜಗಲಿಯಲ್ಲಿ ಕೂತು ಹೇಳಿದ, ಎಲ್ಲರೂ ಹತ್ತಿದ ಮೇಲೆ ಸಾಧು ಬರಿದಾದ ಪಾದೆಯ ಕಡೆ ತಿರುಗಿ ಅಕ್ಕಾ ಎಂದು ಒಮ್ಮೆ ಕರೆದು, ಸ್ವಲ್ಪ ಹೊತ್ತು ಕಾದು, ಆಮೇಲೆ ಎಂಜಿನು ಹಚ್ಚುತ್ತಾನಂತೆ. ಅತಿಥಿಗಳು ಅದೊಂದು ಪದ್ಧತಿ ಎಂದುಕೊಂಡು ಫೋಟೋ ತೆಗೆಯುತ್ತಾರಂತೆ. ಒಳಗೆ ಅಕ್ಕಿ ಆರಿಸುತ್ತಿದ್ದ ಗುಲಾಬಿಗೆ ಅದು ಕೇಳಿಸಿತು. ಮೊರದ ಸದ್ದು ನಿಂತು, ಪುನಃ ಶುರುವಾಯಿತು.

ನಾನು ಈಗ ಆ ಮನೆಯ ಹೊಸ್ತಿಲ ಮುಂದಿನ ಮೆಟ್ಟಿಲು. ನನ್ನ ಅರ್ಧಕ್ಕೆ ಎರಡು ಕಲ್ಲಿನ ಆಸರೆ. ಅಂಚಿನ ತೂತುಗಳಲ್ಲಿ ಇರುವೆ ಮನೆ ಮಾಡಿವೆ. ಮಾಡಲಿ. ನನ್ನಿಂದ ಒಂದು ಮಾತು ಹೊರಡದೆ ಹೋಯಿತಲ್ಲ ಎಂಬ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಬಾಯಿ ಇದ್ದವರೇ ಅವತ್ತು ಆಡಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಳ್ಳುವುದಿಲ್ಲ.

ಸಂಜೆ ಗುಲಾಬಿ ಬೇಲಿಯವರೆಗೆ ನಡೆದು, ಕಡಲು ನೋಡಿ ಬರುತ್ತಾಳೆ. ಸಾಧು ಒಳಗೆ ತಟ್ಟೆಯ ಮುಂದೆ ಕೂತಿರುತ್ತಾನೆ, ಅನ್ನಕ್ಕೆ ಕೈ ಹಾಕುವುದಿಲ್ಲ. ಮೊದಲು ನನ್ನ ಮೇಲೆ ಬೂಟು ಟಕ್ಕೆನ್ನುತ್ತದೆ. ಆಮೇಲೆ ಸದ್ದಿಲ್ಲದ ಒಂದು ಹೆಜ್ಜೆ, ಅದು ನನಗೆ ಮಾತ್ರ ತಿಳಿಯುವಂಥದ್ದು, ಅಗಲವಾದದ್ದು, ಬಿರುಕಿನ ಹಿಮ್ಮಡಿಯದ್ದು. ಎರಡೂ ಏರಿದ ಮೇಲೆ ನಾನು ತುಸು ಕಿರುಗುಟ್ಟುತ್ತೇನೆ. ಹಳೆಯ ಮರ, ಕಿರುಗುಟ್ಟುವುದು ಸಹಜ ಎಂದು ಊರವರು ತಿಳಿದಿದ್ದಾರೆ.

ಆ ಸದ್ದು ಕೇಳಿ ಸಾಧು ಮೊದಲ ತುತ್ತು ಎತ್ತುತ್ತಾನೆ.